ಕೊಳ್ಳುವ ಮೊದಲೇ ಮಾರುವ ಲೆಕ್ಕ

ಲ್ಯಾಪ್‌ಟಾಪಿನೊಳಗೇ ನೂರು ಸಿಂಥಸೈಜರ್ ಸಿಗುವ ಕಾಲದಲ್ಲಿ ಗುಂಡಿ ತಿರುಗಿಸುವ ಪೆಟ್ಟಿಗೆಗಳಿಗೆ ದುಡ್ಡು ಸುರಿಯುವುದೇಕೆ ಎಂದು ಮನೆಯವರು ಕೇಳುತ್ತಾರೆ. ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಕೈಗೆ ಸಿಗುವ ಸುಖ ಬೇರೆ, ಅಷ್ಟೆ. ಆದರೆ ಆ ಸುಖಕ್ಕೆ ತಿಂಗಳಿಗೆ ಎಷ್ಟು ಬಾಡಿಗೆ ತೆರುತ್ತಿದ್ದೇನೆ ಎಂಬ ಲೆಕ್ಕ ಮಾತ್ರ ಪಕ್ಕಾ ಇದೆ. ಕೊಂಡ ಬೆಲೆಯಲ್ಲಿ ಮಾರಿದ ಬೆಲೆ ಕಳೆಯಿರಿ, ಇಟ್ಟುಕೊಂಡ ತಿಂಗಳುಗಳಿಂದ ಭಾಗಿಸಿ. ಅದೇ ಬಾಡಿಗೆ.

ಹಾಗಾಗಿ ನಮ್ಮೂರು ಮಾಂಬಳ್ಳಿಯಲ್ಲಿ ಕೂತು ಏನನ್ನೇ ಕೊಳ್ಳುವಾಗಲೂ ನಾನು ಮೊದಲು ಯೋಚಿಸುವುದು, ನಾಳೆ ಇದನ್ನು ಯಾರು ಕೊಳ್ಳುತ್ತಾರೆ ಎಂದು. ಯಳಂದೂರು, ಕೊಳ್ಳೇಗಾಲದ ಕಡೆ ಟೆಕ್ನೋ ಸಂಗೀತ ಮಾಡುವವರು ಇರಬಹುದು, ನನಗಂತೂ ಸಿಕ್ಕಿಲ್ಲ. ಆರ್ಕೆಸ್ಟ್ರಾದವರು ಬೇಕಾದಷ್ಟಿದ್ದಾರೆ. ಅವರ ಕೈಯಲ್ಲಿ ಓಡಾಡುವ ಸರಕೆಂದರೆ ರೋಲ್ಯಾಂಡ್ ಕೀಬೋರ್ಡ್ ಮತ್ತು ರಿದಮ್ ಪ್ಯಾಡ್. ನಾನು ಎಸ್‌ಪಿಡಿ-20 ಪ್ಯಾಡನ್ನು ₹26,000ಕ್ಕೆ ಹಳೆಯದನ್ನೇ ತಂದು, ಎರಡು ವರ್ಷ ಅದರಲ್ಲಿ ಡ್ರಮ್ ಬಾರಿಸಿ, ₹23,500ಕ್ಕೆ ಕೊಟ್ಟೆ. ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ ಬಿತ್ತು. ಮೊಬೈಲ್ ರೀಚಾರ್ಜಿಗೆ ಅದಕ್ಕಿಂತ ಹೆಚ್ಚು ಕೊಡುತ್ತೇವೆ.

ಈ ಪೇಟೆಗೂ ಪಂಚಾಂಗವಿದೆ. ಆಷಾಢದಲ್ಲಿ ಮದುವೆಯಿಲ್ಲ, ಕಾರ್ಯಕ್ರಮವಿಲ್ಲ, ಕೈ ಬಿಗಿಯಾದವರು ಪೆಟ್ಟಿಗೆ ಮಾರುತ್ತಾರೆ. ಗಣೇಶನ ಹಬ್ಬ ಹತ್ತಿರವಾದರೆ ಅದೇ ಪೆಟ್ಟಿಗೆಗೆ ರೇಟು ಏರುತ್ತದೆ. ಆಷಾಢದಲ್ಲಿ ಕೊಂಡು ಶ್ರಾವಣದಲ್ಲಿ ಮಾರಿದರೆ ಸಾಕು, ಬಾಡಿಗೆ ಇನ್ನೂ ಇಳಿಯುತ್ತದೆ.

ಹಳೆಯ ಪ್ಯಾಡ್ ನೋಡುವುದಕ್ಕೆ ಒಂದು ಕ್ರಮವಿದೆ. ಎಂಟು ರಬ್ಬರುಗಳಲ್ಲಿ ಡೋಲಕ್ಕಿನ ಒಂದೆರಡು ಮಾತ್ರ ಮಿರಮಿರ ಮಿಂಚುವಷ್ಟು ಸವೆದಿರುತ್ತವೆ. ಕೋಲು ಬೇಡ, ಬೆರಳ ತುದಿಯಲ್ಲಿ ತಟ್ಟಿ. ಮೆಲ್ಲಗೆ ತಟ್ಟಿದ್ದಕ್ಕೆ ಮೆಲ್ಲಗೆ ದನಿ ಬರಬೇಕು. ಆಮೇಲೆ ಒಂದನ್ನು ಜೋರಾಗಿ ಹೊಡೆದು ಪಕ್ಕದ್ದೂ ಕೂಗುತ್ತದೆಯೇ ಕೇಳಿ. ಕೂಗಿದರೆ ಸೆಟ್ಟಿಂಗೂ ಇರಬಹುದು, ಒಳಗಿನ ಸೆನ್ಸರೂ ಇರಬಹುದು, ರೇಟು ಇಳಿಸಿಕೊಳ್ಳುವುದಕ್ಕೆ ಎರಡೂ ಆದೀತು. ಕೊನೆಗೆ ಕರೆಂಟಿನ ಪಿನ್ನನ್ನು ಅಲುಗಾಡಿಸಿ. ಜಾತ್ರೆಯ ಸ್ಟೇಜುಗಳಲ್ಲಿ ಎಳೆದಾಡಿಸಿಕೊಂಡ ಪೆಟ್ಟಿಗೆ ಮೊದಲು ಸೋಲುವುದು ಅಲ್ಲಿ.

ಅಡಾಪ್ಟರಿನ ಮಾತು ಬಂತು. ರೋಲ್ಯಾಂಡ್ ಪ್ಯಾಡಿಗೆ ಪಿನ್ನಿನ ನಡುವೆ ಮೈನಸ್, ಕೊರ್ಗ್ ಕಂಪನಿಯ ಪುಟ್ಟ ಪೆಟ್ಟಿಗೆ ವೋಲ್ಕಾಗೆ ನಡುವೆ ಪ್ಲಸ್. ಎರಡೂ 9 ವೋಲ್ಟಿನವೇ, ಮೇಜಿನ ಮೇಲೆ ಒಂದೇ ಥರ ಬಿದ್ದಿರುತ್ತವೆ. ಬಣ್ಣದ ಟೇಪು ಸುತ್ತಿಡುವುದು ಈ ಹವ್ಯಾಸದಲ್ಲಿ ಅತಿ ಅಗ್ಗದ ವಿಮೆ. 2013ರಲ್ಲಿ ಬಂದ ಈ ವೋಲ್ಕಾಗಳು ಆರು ಪೆನ್‌ಸೆಲ್ಲಿನ ಮೇಲೂ ಓಡುತ್ತವೆ; ಪಂಪ್‌ಸೆಟ್ಟುಗಳು ಶುರುವಾಗಿ ಬಲ್ಬು ಮಂಕಾಗುವ ಹೊತ್ತಿನಲ್ಲಿ ನಾನು ಕೆಲಸ ಮಾಡುವುದು ರೀಚಾರ್ಜ್ ಸೆಲ್ಲಿನಲ್ಲೇ. ಆಸೆಯ ಪೆಟ್ಟಿಗೆಗಳೆಂದು ನಾನು ಕರೆಯುವುದು ಇಂಥವನ್ನು. ಇಲ್ಲಿ ಕೊಳ್ಳುವವರಿಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಬೇಕು. ಅದಕ್ಕೇ ಒಂದು ಹೊಸದು ಬಂದರೆ ಒಂದು ಹಳೆಯದು ಹೋಗಲೇಬೇಕು ಎಂದು ಇಟ್ಟುಕೊಂಡಿದ್ದೇನೆ.

ವಿದೇಶದಿಂದ ನೇರವಾಗಿ ತರಿಸಿದರೆ ಅಗ್ಗ ಎನ್ನುವವರು ತೆರಿಗೆಯ ಮೆಟ್ಟಿಲುಗಳನ್ನು ಎಣಿಸಬೇಕು. ಸುಂಕ ಬೀಳುವುದು ಪೆಟ್ಟಿಗೆಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯೂ ಸೇರಿದ ಮೊತ್ತದ ಮೇಲೆ. ಸುಂಕದ ಮೇಲೆ ಸರ್‌ಚಾರ್ಜ್. ಅಷ್ಟನ್ನೂ ಕೂಡಿಸಿದ್ದಕ್ಕೆ ಜಿಎಸ್‌ಟಿ. ಕೈಯಲ್ಲಿ ಮಾಡಿದ ನಮ್ಮ ದೇಸಿ ವಾದ್ಯಗಳಿಗೆ ಜಿಎಸ್‌ಟಿ ಇಲ್ಲ, ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಆ ರಿಯಾಯಿತಿ ಸಿಗದು. ‘ನೋ ಕಾಸ್ಟ್ ಇಎಂಐ’ ಕೂಡ ಪುಕ್ಕಟೆಯಲ್ಲ: ಬಡ್ಡಿಯಷ್ಟು ರಿಯಾಯಿತಿ ಕೊಟ್ಟಂತೆ ತೋರಿಸುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮಾತ್ರ ನಮ್ಮ ಕಾರ್ಡಿಗೇ ಬರುತ್ತದೆ.

‘ಇಟ್ಟುಕೊಂಡಿರು, ಮುಂದೆ ರೇಟು ಬರುತ್ತೆ’ ಎಂಬ ಮಾತಿಗೂ ಒಂದು ಹಿನ್ನೆಲೆಯಿದೆ. ರೋಲ್ಯಾಂಡಿನ ಟಿಬಿ-303 ಎಂಬ ಬೇಸ್ ಸಿಂಥಸೈಜರ್ 1981ರಲ್ಲಿ ಬಂತು, ಓಡಲಿಲ್ಲ, 1984ಕ್ಕೆ ನಿಂತಿತು. ಮುಂಬೈನ ಚರಣಜಿತ್ ಸಿಂಗ್ 1982ರಲ್ಲೇ ಅದನ್ನೂ ಬಳಸಿ ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದರು, ಯಾರೂ ಕಿವಿಗೊಡಲಿಲ್ಲ. ಷಿಕಾಗೊ ಹುಡುಗರು ಸೆಕೆಂಡ್‌ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನೇ ತಿರುಚಿ ಆಸಿಡ್ ಹೌಸ್ ಸಂಗೀತ ಮಾಡಿದ ಮೇಲೆ ಅದಕ್ಕೆ ಲಕ್ಷಗಳ ಬೆಲೆ ಬಂತು. ನಿಜ. ಆದರೆ ಅದೇ ಕಾಲದಲ್ಲಿ ಮೂಲೆ ಸೇರಿದ ಬೇರೆ ಪೆಟ್ಟಿಗೆಗಳ ಹೆಸರೂ ಯಾರಿಗೂ ನೆನಪಿಲ್ಲ. ಲಾಟರಿಯನ್ನು ಉಳಿತಾಯವೆಂದು ಬರೆದುಕೊಳ್ಳುವ ಅಭ್ಯಾಸ ನನಗಿಲ್ಲ. 303 ದನಿ ಬೇಕಾದಾಗ ಬೆರಿಂಜರ್ ಟಿಡಿ-3 ತಂದೆ. ಅದು ನಕಲು, ದನಿಗೆ ಸಾಕು.

ನಿಧಾನವಾಗಿ, ಖಚಿತವಾಗಿ ಮಾರಾಟವಾಗುವ ಎಲೆಕ್ಟ್ರಾನಿಕ್ ಪೆಟ್ಟಿಗೆ ನಮ್ಮಲ್ಲೇ ಹುಟ್ಟಿದ್ದು. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ತೋರಿಸಿದ ಎಲೆಕ್ಟ್ರಾನಿಕ್ ತಂಬೂರಿ. ಅವರ ರಾಡೆಲ್ ಪೆಟ್ಟಿಗೆಯನ್ನು ನಾನು ಟಿಡಿ-3ರ ಕೆಳಗೆ ಶ್ರುತಿಗೆ ಇಟ್ಟುಕೊಂಡಿದ್ದೇನೆ. ಬೇಡವೆನಿಸಿದ ದಿನ ಭಜನೆಯವರು ಮನೆ ಬಾಗಿಲಿಗೇ ಬಂದು ಒಯ್ಯುತ್ತಾರೆ.

ಒಂದು ಖರ್ಚನ್ನು ಮಾತ್ರ ಬಾಡಿಗೆಯ ಪುಸ್ತಕದಲ್ಲಿ ಬರೆಯುವುದಿಲ್ಲ. ಚಿಕ್ಕಲ್ಲೂರು ಜಾತ್ರೆಯಲ್ಲಿ ಸಿದ್ಧಪ್ಪಾಜಿಯ ಕಥೆ ಹಾಡುವ ನೀಲಗಾರರ ತಂಬೂರಿ, ಗಗ್ಗರದ ದನಿಯನ್ನು ಫೋನಿನಲ್ಲಿ ಹಿಡಿದು ಟ್ರ್ಯಾಕಿಗೆ ಅಂಟಿಸುವುದು ಸುಲಭ, ಪುಕ್ಕಟೆ. ಹಾಡು ಪರಂಪರೆಯದು ಇರಬಹುದು, ಹಾಡಿದ ಗಂಟಲು ಒಬ್ಬರದ್ದು. ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಎಂಬುದೇ ಬೇರೆ ಇದೆ, 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ನೀಲಗಾರರೊಬ್ಬರನ್ನು ಮನೆಗೆ ಕರೆದು, ಆರ್ಕೆಸ್ಟ್ರಾದ ಗಾಯಕರಿಗೆ ಒಂದು ರಾತ್ರಿಗೆ ಕೊಡುವ ಸಂಭಾವನೆಯನ್ನೇ ಮೊದಲು ಕೈಗಿಟ್ಟು ರೆಕಾರ್ಡ್ ಮಾಡಿಕೊಂಡೆ. ಮುಂದೆ ಟ್ರ್ಯಾಕಿನಿಂದ ಬಂದದ್ದರಲ್ಲಿ ಅರ್ಧ ಅವರಿಗೆ ಎಂದು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಇದುವರೆಗೆ ಬಂದಿರುವುದರಲ್ಲಿ ಅರ್ಧ ಮಾಡಿದರೆ ಒಂದು ಟೀಗೂ ಸಾಲದು. ಚೀಟಿ ಮಾತ್ರ ಜೋಪಾನವಾಗಿಟ್ಟಿದ್ದೀನಿ ಎಂದು ಅವರು ಸಿಕ್ಕಾಗಲೆಲ್ಲ ಹೇಳುತ್ತಾರೆ.