ಟೈಫಾಯ್ಡ್ ಮತ್ತು ನಮ್ಮ ಅಡುಗೆಮನೆ



ಮಳೆಗಾಲ ಶುರುವಾಯಿತೆಂದರೆ ಹೋಟೆಲ್ ನಡೆಸುವ ನಮಗೆಲ್ಲ ಈ ಮಾತು ಪರಿಚಯದ್ದೇ: "ಅಣ್ಣಾ, ಆ ಹುಡುಗನಿಗೆ ಮೈ ಬಿಸಿ ಉಂಟು." ಒಂದು ಜ್ವರದ ಗುಳಿಗೆ ನುಂಗಿಸುತ್ತೇವೆ. ಮೈ ಬೆವರಿ ಜ್ವರ ಇಳಿಯುತ್ತದೆ. ಸಂಜೆಯ ರಶ್‌ಗೆ ಅವನು ಮತ್ತೆ ಚಟ್ನಿ ರುಬ್ಬಲು ನಿಲ್ಲುತ್ತಾನೆ. ಅದು ಬರೀ ನೆಗಡಿ ಜ್ವರವಾದರೆ ಸರಿ. ಟೈಫಾಯ್ಡ್ ಆಗಿದ್ದರೆ ಅವನ ಜೀವಕ್ಕೂ ಅಪಾಯ, ನಮ್ಮ ಗಿರಾಕಿಗಳಿಗೂ ಅಪಾಯ.

ಹೇಗೆ ಬರುತ್ತದೆ?

ಟೈಫಾಯ್ಡ್ ಅಂದರೆ ನಮ್ಮ ಹಿರಿಯರು ಹೇಳುತ್ತಿದ್ದ ವಿಷಮಶೀತ ಜ್ವರ. ಸಾಲ್ಮೊನೆಲ್ಲ ಟೈಫಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇದು ಮನುಷ್ಯರಲ್ಲಿ ಮಾತ್ರ ಇರುತ್ತದೆ. ರೋಗಿಯ ಮಲದಿಂದ ಹೊರಬಿದ್ದು, ನೀರು, ಕೈ ಅಥವಾ ನೊಣದ ಮೂಲಕ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ನಮ್ಮ ಕಸುಬಿನಲ್ಲಿ ನೆನಪಿಡಬೇಕಾದದ್ದು ಇಷ್ಟೇ: ಸಾಂಬಾರ್ ಕುದಿಯುತ್ತದೆ, ಇಡ್ಲಿ ಬೇಯುತ್ತದೆ, ಆದರೆ ಚಟ್ನಿ ಕುದಿಯುವುದಿಲ್ಲ. ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಕೋಸಂಬರಿ, ಜ್ಯೂಸ್, ಐಸ್, ಕುಡಿಯುವ ನೀರು ಇವೆಲ್ಲ ಕೈಯಿಂದ ನೇರ ಗಿರಾಕಿಯ ಹೊಟ್ಟೆಗೆ.

ರೋಗಾಣು ಹೊಟ್ಟೆಗೆ ಹೋದ ಮೇಲೆ ಸಾಮಾನ್ಯವಾಗಿ ಒಂದರಿಂದ ಮೂರು ವಾರಕ್ಕೆ ಜ್ವರ ಬರುತ್ತದೆ. ಅಷ್ಟು ಹೊತ್ತಿಗೆ ಎಲ್ಲಿ ಏನು ತಿಂದೆವೆಂದು ಗಿರಾಕಿಗೇ ಮರೆತುಹೋಗಿರುತ್ತದೆ. ಆದ್ದರಿಂದ "ನಮ್ಮ ಹೋಟೆಲಿನಿಂದ ಯಾರಿಗೂ ಬಂದಿಲ್ಲ" ಎಂದು ನಾವು ಎದೆ ತಟ್ಟಿ ಹೇಳುವಂತಿಲ್ಲ.

ಲಕ್ಷಣ ಮತ್ತು ಚಿಕಿತ್ಸೆ

ಜ್ವರ ದಿನದಿಂದ ದಿನಕ್ಕೆ ಏರುತ್ತ ಹೋಗುತ್ತದೆ. ತಲೆನೋವು, ಸುಸ್ತು, ಊಟ ಸೇರದಿರುವುದು, ಹೊಟ್ಟೆನೋವು, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ಜ್ವರ ಮೂರು ದಿನ ದಾಟಿದರೆ ಡಾಕ್ಟರಲ್ಲಿಗೆ ಕಳಿಸಲೇಬೇಕು. ವಿಡಾಲ್ ಪರೀಕ್ಷೆ ಒಂದನ್ನೇ ನಂಬುವಂತಿಲ್ಲ. ಹಿಂದೆ ಟೈಫಾಯ್ಡ್ ಬಂದಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸುವುದು ಉತ್ತಮ.

ಮೆಡಿಕಲ್ ಶಾಪಿನಲ್ಲಿ ಕೇಳಿ ಗುಳಿಗೆ ತರುವ ಅಭ್ಯಾಸ ಬೇಡ. ಹಿಂದೆ ಎಲ್ಲರೂ ಕೊಡುತ್ತಿದ್ದ ಸಿಪ್ರೋಫ್ಲಾಕ್ಸಾಸಿನ್‌ಗೆ ಈಗ ನಮ್ಮ ದೇಶದಲ್ಲಿ ಈ ರೋಗಾಣು ಬಹುಮಟ್ಟಿಗೆ ಬಗ್ಗುವುದಿಲ್ಲ. ಸರಿಯಾದ ಔಷಧಿ ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ ಬೇಕಾಗಬಹುದು. ಜ್ವರ ಬಿಟ್ಟಿತೆಂದು ಅರ್ಧಕ್ಕೆ ಔಷಧಿ ನಿಲ್ಲಿಸಬಾರದು.

ಔಷಧಿ ಸಿಗದಿದ್ದರೆ ಎರಡು ಮೂರನೇ ವಾರದಲ್ಲಿ ಕರುಳಿನಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಕರುಳೇ ತೂತಾಗಬಹುದು. ಆದ್ದರಿಂದ ಜ್ವರದ ಹುಡುಗನ ಕೈಗೆ ದುಡ್ಡು ಕೊಟ್ಟು "ಊರಿಗೆ ಹೋಗಿ ಸುಧಾರಿಸಿಕೊಂಡು ಬಾ" ಎಂದು ರೈಲು ಹತ್ತಿಸಬೇಡಿ. ಎರಡು ದಿನದ ಪ್ರಯಾಣದ ನಡುವೆ ಹೀಗಾದರೆ ಅವನನ್ನು ನೋಡುವವರು ಯಾರು? ವಿಪರೀತ ಹೊಟ್ಟೆನೋವು ಅಥವಾ ಕಪ್ಪು ಮಲ ಕಂಡರೆ ತಕ್ಷಣ ಆಸ್ಪತ್ರೆ.

ಜ್ವರ ಇಲ್ಲದೆಯೂ ಹರಡುವವರು

ಗುಣವಾದವರಲ್ಲಿ ನೂರಕ್ಕೆ ಒಂದರಿಂದ ಐದು ಜನರ ಪಿತ್ತಕೋಶದಲ್ಲಿ ರೋಗಾಣು ಉಳಿದುಬಿಡುತ್ತದೆ. ಅವರಿಗೆ ಏನೂ ತೊಂದರೆ ಇರುವುದಿಲ್ಲ, ಆದರೆ ಬೇರೆಯವರಿಗೆ ಅಂಟುತ್ತದೆ. ಅಮೆರಿಕದ ನ್ಯೂಯಾರ್ಕಿನಲ್ಲಿ ಮೇರಿ ಮ್ಯಾಲನ್ ಎಂಬ ಅಡುಗೆಯಾಕೆ ಇದ್ದಳು. 1906ರಲ್ಲಿ ಆಕೆ ಕೆಲಸ ಮಾಡಿದ ಒಂದು ಮನೆಯ 11 ಜನರಲ್ಲಿ 6 ಮಂದಿಗೆ ಟೈಫಾಯ್ಡ್ ಬಂತು. ತನಿಖೆ ಮಾಡಿದವರ ಅನುಮಾನ ಬಿದ್ದದ್ದು ಆಕೆ ಮಾಡುತ್ತಿದ್ದ ಐಸ್‌ಕ್ರೀಮಿನ ಮೇಲೆ. ಅದೂ ನಮ್ಮ ಚಟ್ನಿಯಂತೆ ಬಡಿಸುವ ಮೊದಲು ಬಿಸಿ ಕಾಣದ್ದು. 1907ರಲ್ಲಿ ಸರಕಾರ ಆಕೆಯನ್ನು ದ್ವೀಪವೊಂದರಲ್ಲಿ ಪ್ರತ್ಯೇಕ ಇಟ್ಟಿತು. ಮತ್ತೆ ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟಿತು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಆದರೆ ಅದರಲ್ಲಿ ಸಂಬಳ ಕಡಿಮೆ. ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಗೇ ಹೋದಳು. 1915ರಲ್ಲಿ ಆಕೆ ಅಡುಗೆ ಮಾಡುತ್ತಿದ್ದ ಆಸ್ಪತ್ರೆಯಲ್ಲಿ 25 ಮಂದಿಗೆ ರೋಗ ತಗಲಿ ಇಬ್ಬರು ಸತ್ತರು. ಆಕೆ 1938ರಲ್ಲಿ ಸಾಯುವವರೆಗೂ ಪ್ರತ್ಯೇಕವಾಗಿಯೇ ಉಳಿಯಬೇಕಾಯಿತು.

ಮೇರಿಯನ್ನು ಬೈಯುವುದು ಸುಲಭ. ಆದರೆ ಹೊಟ್ಟೆಪಾಡಿಗೆ ಪೆಟ್ಟು ಬೀಳುತ್ತದೆ ಎಂದಾಗ ಯಾರಾದರೂ ರೋಗ ಮುಚ್ಚಿಡುತ್ತಾರೆ. ನಮ್ಮ ಹುಡುಗರೂ ಅಷ್ಟೇ. ರಜೆ ಹಾಕಿದರೆ ಸಂಬಳ ಕಟ್, ಹೆಚ್ಚು ದಿನ ಮಲಗಿದರೆ ಬೇರೆಯವನು ಬಂದಾನು ಎಂಬ ಭಯ. ಜ್ವರದ ರಜೆಗೆ ಸಂಬಳ ಕತ್ತರಿಸುವುದಿಲ್ಲ, ಕೆಲಸವೂ ಹೋಗುವುದಿಲ್ಲ ಎಂದು ಮಾಲಿಕರಾದ ನಾವು ಮೊದಲೇ ಹೇಳಿದರೆ ಮಾತ್ರ ಅವರು ಬಾಯಿ ಬಿಡುತ್ತಾರೆ. ಹತ್ತು ಹದಿನೈದು ದಿನದ ಸಂಬಳ ಈ ರೋಗಕ್ಕೆ ಅತಿ ಅಗ್ಗದ ತಡೆ.

ನಾವು ಮಾಡಬೇಕಾದದ್ದು

1. ನೀರು: ಟ್ಯಾಂಕ್ ತೊಳೆದ ತಾರೀಕು ಬರೆದಿಡಿ, ಮುಚ್ಚಳ ಭದ್ರವಿರಲಿ. ನಲ್ಲಿ ಬಿಟ್ಟು ಬಿಟ್ಟು ಬರುವ ಕಡೆ ಒಡೆದ ಪೈಪು ಮೋರಿ ನೀರನ್ನು ಎಳೆದುಕೊಳ್ಳುತ್ತದೆ. ಕ್ಲೋರಿನ್ ಪರೀಕ್ಷೆಯ ಕಿಟ್ ದುಬಾರಿಯಲ್ಲ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಚಟ್ನಿಗೆ, ಮಜ್ಜಿಗೆಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ.

2. ಕೈ: ಕೆಲಸಗಾರರ ಪಾಯಿಖಾನೆಯಲ್ಲಿ ನೀರು, ಸಾಬೂನು ಯಾವತ್ತೂ ಇರಬೇಕು. ಉಗುರು ಕತ್ತರಿಸಿರಲಿ. ನೀರಿನ ಲೋಟದೊಳಗೆ ಬೆರಳು ಅದ್ದಿ ಹಿಡಿಯುವುದು ನಿಲ್ಲಲಿ.

3. ಲಸಿಕೆ: ಎಫ್‌ಎಸ್‌ಎಸ್‌ಎಐ ನಿಯಮಗಳ ಶೆಡ್ಯೂಲ್ 4ರ ಪ್ರಕಾರ ಆಹಾರ ಮುಟ್ಟುವವರಿಗೆಲ್ಲ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ, ಟೈಫಾಯ್ಡ್ ಜಾತಿಯ ರೋಗಗಳಿಗೆ ಲಸಿಕೆ, ಅದರ ದಾಖಲೆ ಕಡ್ಡಾಯ. ಬರೀ ಸರ್ಟಿಫಿಕೇಟ್ ಕೊಂಡು ಫೈಲಿಗೆ ಸೇರಿಸಿದರೆ ರೋಗ ನಿಲ್ಲುವುದಿಲ್ಲ. ಈಗ ಒಂದೇ ಚುಚ್ಚುಮದ್ದಿನ ಕಾಂಜುಗೇಟ್ ಲಸಿಕೆ ಇದೆ. ಹಳೆಯ ಲಸಿಕೆಯಾದರೆ ಮೂರು ವರ್ಷಕ್ಕೊಮ್ಮೆ ಬೇಕು. ಲಸಿಕೆ ಹಾಕಿಸಿದರೂ ಕೈ ತೊಳೆಯುವುದು ತಪ್ಪುವುದಿಲ್ಲ.

4. ಮರಳಿ ಕೆಲಸಕ್ಕೆ: ಜ್ವರ ಬಿಟ್ಟ ಮಾತ್ರಕ್ಕೆ ಅಡುಗೆಮನೆಗೆ ಸೇರಿಸಬೇಡಿ. ಔಷಧಿ ಮುಗಿದ ಮೇಲೆ ಮಲದ ಕಲ್ಚರ್ ಮಾಡಿಸಿ. ಕೆಲವು ದೇಶಗಳಲ್ಲಿ ಮೂರು ಬಾರಿ ನೆಗೆಟಿವ್ ಬಂದರೆ ಮಾತ್ರ ಆಹಾರ ಮುಟ್ಟಲು ಬಿಡುತ್ತಾರೆ. ರಿಪೋರ್ಟ್ ಬರುವವರೆಗೆ ಗಲ್ಲಾದಲ್ಲೋ ಲೆಕ್ಕದಲ್ಲೋ ಕೂರಿಸಿ, ಅದೇ ಸಂಬಳ ಕೊಡಿ. ರೋಗಾಣು ಉಳಿದಿದ್ದರೂ ಅದಕ್ಕೆ ಈಗ ಚಿಕಿತ್ಸೆ ಇದೆ. ಮೇರಿಯ ಕಾಲದಲ್ಲಿ ಇರಲಿಲ್ಲ.

ಈ ನಾಲ್ಕನ್ನು ಒಂದು ಕಾಗದದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಒರಿಯಾ, ಹಿಂದಿ, ಬಂಗಾಳಿ ಮಾತಾಡುವ ಹುಡುಗರಿದ್ದರೆ ಅವರ ಭಾಷೆಯಲ್ಲೇ ಬರೆಸಿ. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿರಲಿ: ಜ್ವರ ಬಂದರೆ ಹೇಳು, ನಿನ್ನ ಸಂಬಳ ಹೋಗುವುದಿಲ್ಲ.