ಎಲೆಕ್ಟ್ರಾನಿಕ್ ಕುಣಿತ-ಸಂಗೀತದ ಪರಿಭಾಷೆ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಒಂದು ಸಂಜೆ ನನ್ನ ಪಕ್ಕದಲ್ಲಿ ಕುಳಿತಿದ್ದ ವಿದ್ಯಾರ್ಥಿಯೊಬ್ಬನು ಮೊಬೈಲಿನಲ್ಲಿ ಹಾಡು ಕೇಳುತ್ತಿದ್ದನು. ಅದು ಮಾದೇಶ್ವರನ ಮೇಲಿನ ಜನಪದ ಗೀತೆ. ಆದರೆ ಅದಕ್ಕೆ ಯಂತ್ರದ ತಾಳವನ್ನು ಕೂಡಿಸಿದ್ದರು. “ಇದು ನೂರ ಇಪ್ಪತ್ತೆಂಟು ಬಿ.ಪಿ.ಎಂ. ಸಾರ್, ಡ್ರಾಪ್ ಬಹಳ ಚೆನ್ನಾಗಿದೆ” ಎಂದು ಹೇಳಿದನು. “ಡ್ರಾಪ್ ಎಂದರೆ ಬೀಳುವುದು, ಇಲ್ಲಿ ಬೀಳುವುದು ಏನಪ್ಪ?” ಎಂದು ಕೇಳಿದೆ. ಅವನು ನಕ್ಕು ಸುಮ್ಮನಾದನು.

ಬೀಟ್, ಬೇಸ್, ಲೂಪ್, ಫಿಲ್ಟರ್, ಡ್ರಾಪ್ ಮುಂತಾದ ಮಾತುಗಳನ್ನು ಇಂದು ಎಲ್ಲೆಡೆಯೂ ಕೇಳುತ್ತೇವೆ. ಇವು ಬರಿಯ ಹೊಗಳಿಕೆಯ ಪದಗಳೆಂದು ಭಾವಿಸುವವರುಂಟು. ವಾಸ್ತವವಾಗಿ ಇವುಗಳಲ್ಲಿ ಹೆಚ್ಚಿನವು ಅಳೆಯಬಹುದಾದ ಭೌತ ಪರಿಮಾಣಗಳನ್ನು ಸೂಚಿಸುತ್ತವೆ. ತರಗತಿಯಲ್ಲಿ ಧ್ವನಿಯ ಪಾಠವನ್ನು ಓದಿದ ಯಾರಿಗೂ ಇವುಗಳ ಅರ್ಥ ದೂರವಾದುದಲ್ಲ.

ಬಡಿತದ ಲೆಕ್ಕ

ಬಿ.ಪಿ.ಎಂ. ಎಂಬುದು ಒಂದು ನಿಮಿಷದಲ್ಲಿ ಬೀಳುವ ತಾಳದ ಬಡಿತಗಳ ಸಂಖ್ಯೆ. 120 ಬಿ.ಪಿ.ಎಂ. ಎಂದರೆ ಸೆಕೆಂಡಿಗೆ 2 ಬಡಿತಗಳು. ಭೌತವಿಜ್ಞಾನದ ಭಾಷೆಯಲ್ಲಿ 2 ಹರ್ಟ್ಸ್ ಆವೃತ್ತಿ. ‘ಹೌಸ್’ ಎಂಬ ಬಗೆಯ ಸಂಗೀತದಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 120ರಿಂದ 130ರವರೆಗೆ, ‘ಡ್ರಮ್ ಅಂಡ್ ಬೇಸ್’ ಎಂಬುದರಲ್ಲಿ 160ರಿಂದ 180ರವರೆಗೆ ಇರುತ್ತದೆ. ಹೌಸ್ ಎಂಬ ಹೆಸರಿಗೂ ಮನೆಗೂ ಸಂಬಂಧವಿಲ್ಲ. ಅಮೆರಿಕದ ಶಿಕಾಗೋ ನಗರದಲ್ಲಿದ್ದ ‘ವೇರ್‌ಹೌಸ್’ ಎಂಬ ನೃತ್ಯಶಾಲೆಯಿಂದ ಅದು ಬಂದಿತೆಂದು ಹೇಳುತ್ತಾರೆ.

ನಾಲ್ಕು ಬಡಿತಗಳು ಸೇರಿದರೆ ಒಂದು ‘ಬಾರ್’. ನಮ್ಮ ಸಂಗೀತದ ತಾಳದಲ್ಲಿ ಆವರ್ತವಿರುವಂತೆ ಇದೂ ಒಂದು ಸುತ್ತು. ಒಂದೆರಡು ಬಾರುಗಳಷ್ಟು ಉದ್ದದ ಧ್ವನಿಯನ್ನು ಮತ್ತೆ ಮತ್ತೆ ನುಡಿಸಿದರೆ ಅದು ‘ಲೂಪ್’. ಈ ಸಂಗೀತದಲ್ಲಿ ಬದಲಾವಣೆಗಳು ಬಹುಮಟ್ಟಿಗೆ 8 ಅಥವಾ 16 ಬಾರುಗಳಿಗೊಮ್ಮೆ ಬರುತ್ತವೆ. 128 ಬಿ.ಪಿ.ಎಂ. ಇರುವ ಹಾಡಿನಲ್ಲಿ 16 ಬಾರುಗಳಿಗೆ ಎಷ್ಟು ಕಾಲ ಬೇಕೆಂದು ಓದುಗರೇ ಲೆಕ್ಕ ಹಾಕಿ ನೋಡಲಿ: 64 ಬಡಿತಗಳು, ಸರಿಯಾಗಿ 30 ಸೆಕೆಂಡುಗಳು.

ಬಡಿತದ ವೇಗವನ್ನು ಹೆಚ್ಚಿಸುತ್ತ ಹೋದರೆ ಏನಾಗುವುದು? ಸೆಕೆಂಡಿಗೆ ಸುಮಾರು 20 ಬಡಿತಗಳನ್ನು ಮೀರಿದೊಡನೆ ಕಿವಿಯು ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದು. ಬಡಿತಗಳು ಒಂದರೊಳಗೊಂದು ಬೆರೆತು ತಗ್ಗು ಸ್ವರವೊಂದು ಕೇಳಿಬರುತ್ತದೆ. ಆದುದರಿಂದ ತಾಳವೂ ಶ್ರುತಿಯೂ ಎರಡು ಬೇರೆ ವಸ್ತುಗಳಲ್ಲ. ಆವೃತ್ತಿಯೆಂಬ ಒಂದೇ ಏಣಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲುಗಳು.

ಸ್ವರವನ್ನು ತಯಾರಿಸುವ ಯಂತ್ರ

ಮೊದಲೇ ಮುದ್ರಿಸಿದ ಧ್ವನಿಯ ತುಣುಕನ್ನು ತಂದು ಬಳಸಿದರೆ ಅದಕ್ಕೆ ‘ಸ್ಯಾಂಪಲ್’ ಎಂದು ಹೆಸರು. ಧ್ವನಿಯನ್ನು ವಿದ್ಯುತ್ ಕಂಪನಗಳಿಂದ ಹೊಸದಾಗಿ ಸೃಷ್ಟಿಸುವ ಉಪಕರಣ ‘ಸಿಂಥಸೈಜರ್’. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ರೂಪಿಸಿದ ಯಂತ್ರದಿಂದ ಇದು ಪ್ರಸಿದ್ಧಿಗೆ ಬಂದಿತು. ಇದರಲ್ಲಿ ಗರಗಸದ ಹಲ್ಲಿನ ಆಕಾರದ ತರಂಗವನ್ನು ಹೆಚ್ಚಾಗಿ ಬಳಸುತ್ತಾರೆ. ಅಂತಹ ತರಂಗದಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಎಲ್ಲ ಮೇಲುಸ್ವರಗಳೂ ಅಡಗಿರುವುದೇ ಇದಕ್ಕೆ ಕಾರಣ.

ಈ ಕಲೆ ಪಶ್ಚಿಮದಿಂದ ಮಾತ್ರ ಬಂದಿತೆಂದು ತಿಳಿಯಬೇಕಾಗಿಲ್ಲ. ಮುಂಬಯಿಯ ಚಲನಚಿತ್ರ ಸಂಗೀತದ ವಾದಕರಾಗಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303, ಟಿಆರ್-808 ಎಂಬ ಜಪಾನೀ ಯಂತ್ರಗಳ ನೆರವಿನಿಂದ ಹತ್ತು ರಾಗಗಳನ್ನು ಕುಣಿತದ ತಾಳಕ್ಕೆ ಹೊಂದಿಸಿ ಧ್ವನಿಮುದ್ರಿಕೆಯೊಂದನ್ನು ಹೊರತಂದರು. ಅದೇ ಯಂತ್ರದ ಧ್ವನಿಯನ್ನು ಆಧರಿಸಿದ ಸಂಗೀತ ಶಿಕಾಗೋದಲ್ಲಿ ಹೆಸರು ಪಡೆದುದು ಅನಂತರ ಕೆಲವು ವರ್ಷಗಳಿಗೆ.

ಬೇಸ್ ಮತ್ತು ಜರಡಿ

‘ಬೇಸ್’ ಎಂದರೆ ತಗ್ಗು ಸ್ವರಗಳು. ಸುಮಾರು 20ರಿಂದ 250 ಹರ್ಟ್ಸ್‌ವರೆಗಿನವು. ಗುಂಡ್ಲುಪೇಟೆಯ ಹೊರಗಿನ ಚೆಂಡುಹೂವಿನ ಹೊಲಗಳ ನಡುವೆ ರಾತ್ರಿ ನಿಂತು ದೂರದ ಊರಿನ ಮದುವೆಯ ಸಂಗೀತವನ್ನು ಆಲಿಸಿದವರಿಗೆ ಒಂದು ಅನುಭವವಿರುತ್ತದೆ: ಹಾಡಿನ ಮಾತು ತಿಳಿಯದು, ‘ಧುಂ ಧುಂ’ ಎಂಬ ಬಡಿತ ಮಾತ್ರ ಕೇಳುತ್ತದೆ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಆದುದರಿಂದ 50 ಹರ್ಟ್ಸ್ ಸ್ವರದ ತರಂಗಾಂತರ 6.8 ಮೀಟರ್, 5000 ಹರ್ಟ್ಸ್ ಸ್ವರದ್ದು ಕೇವಲ 6.8 ಸೆಂಟಿಮೀಟರ್. ಉದ್ದವಾದ ಅಲೆಗಳು ಮನೆ ಮರಗಳನ್ನು ಬಳಸಿಕೊಂಡು ಬಾಗಿ ಬರುತ್ತವೆ. ಮೇಲುಸ್ವರಗಳನ್ನಾದರೋ ಗೋಡೆಗಳು ತಡೆಯುತ್ತವೆ. ಗಾಳಿಯೂ ಅವುಗಳನ್ನೇ ಹೆಚ್ಚಾಗಿ ಹೀರುತ್ತದೆ.

ಹೀಗೆ ದೂರವು ಮಾಡುವ ಕೆಲಸವನ್ನೇ ಯಂತ್ರದಲ್ಲಿ ‘ಫಿಲ್ಟರ್’ ಮಾಡುತ್ತದೆ. ಫಿಲ್ಟರ್ ಎಂಬುದು ಆವೃತ್ತಿಗಳ ಜರಡಿ. ಒಂದು ಬಗೆಯ ಜರಡಿ ತಗ್ಗು ಸ್ವರಗಳನ್ನು ಬಿಟ್ಟು ಮೇಲಿನವನ್ನು ತಡೆಯುತ್ತದೆ. ಇನ್ನೊಂದು ಮೇಲಿನವನ್ನು ಬಿಟ್ಟು ತಗ್ಗಿನವನ್ನು ತಡೆಯುತ್ತದೆ. ಮೊದಲನೆಯ ಬಗೆಯ ಜರಡಿಯನ್ನು ಮೆಲ್ಲನೆ ತೆರೆದರೆ ದೂರದ ಮೆರವಣಿಗೆ ನಮ್ಮ ಬೀದಿಗೆ ಬರುತ್ತಿರುವಂತೆ ಭಾಸವಾಗುವುದು ಇದರಿಂದಲೇ.

ಬೀಳುವುದು ಏನು?

ಈಗ ಬಸ್ಸಿನ ಪ್ರಶ್ನೆಗೆ ಬರೋಣ. ಹಾಡಿನ ನಡುವೆ ದೊಡ್ಡ ಬಡಿತಗಳು ನಿಲ್ಲುವ ಭಾಗ ‘ಬ್ರೇಕ್‌ಡೌನ್’. ಅನಂತರ ‘ಬಿಲ್ಡ್-ಅಪ್’ ಅಥವಾ ಏರಿಕೆ. ಇಲ್ಲಿ ಜರಡಿಯ ಮೂಲಕ ಬೇಸನ್ನು ತೆಗೆದುಬಿಡುತ್ತಾರೆ. ಸ್ವರವೊಂದು ಮೇಲೇರುತ್ತ ಹೋಗುತ್ತದೆ. ಚಿಕ್ಕ ಡೋಲಿನ ಪೆಟ್ಟುಗಳು ಸೆಕೆಂಡಿಗೆ 2, 4, 8, 16 ಎಂದು ಇಮ್ಮಡಿಯಾಗುತ್ತವೆ. ಕಂಸಾಳೆಯವರು ಗತಿಯನ್ನು ಏರಿಸಿದಾಗ ನೋಡುವವರ ಉಸಿರು ಬಿಗಿಹಿಡಿಯುವಂತೆಯೇ ಇಲ್ಲಿಯೂ ನಿರೀಕ್ಷೆ ಬೆಳೆಯುತ್ತದೆ. ಕೊನೆಗೆ ಒಂದು ಕ್ಷಣದ ಮೌನ. ಮರುಕ್ಷಣವೇ ಬೇಸೂ ಪೂರ್ಣ ತಾಳವೂ ಒಟ್ಟಿಗೆ ಮರಳುತ್ತವೆ. ಇದೇ ‘ಡ್ರಾಪ್’. ಬೀಳುವುದು ಧ್ವನಿಯ ಮಟ್ಟವಲ್ಲ, ಕಳೆದುಹೋಗಿದ್ದ ಬೇಸು ನಮ್ಮ ಮೇಲೆ ಬೀಳುತ್ತದೆ ಎನ್ನಬಹುದು. ಡ್ರಾಪಿನ ಬಲವಿರುವುದು ಗಟ್ಟಿತನಕ್ಕಿಂತ ಹೆಚ್ಚಾಗಿ ವ್ಯತ್ಯಾಸದಲ್ಲಿ.

ಕಿವಿಯ ಮಿತಿ

ಈ ಕೊನೆಯ ಮಾತನ್ನು ಮರೆತುದರ ಫಲವನ್ನು ನಾನೇ ಅನುಭವಿಸಿದ್ದೇನೆ. ಒಂದು ಮೆರವಣಿಗೆಯಲ್ಲಿ ಧ್ವನಿವರ್ಧಕಗಳ ಪಕ್ಕದಲ್ಲಿಯೇ ಅರ್ಧ ಗಂಟೆ ನಿಂತಿದ್ದೆ. ರಾತ್ರಿಯೆಲ್ಲ ಕಿವಿಯಲ್ಲಿ ಸಿಳ್ಳು. ಬೆಳಗ್ಗೆ ಮನೆಯ ಬಾಗಿಲಿಗೆ ಮಾದೇಶ್ವರನ ದೇವರಗುಡ್ಡರೊಬ್ಬರು ಕಂಸಾಳೆ ನುಡಿಸುತ್ತ ಬಂದರು. ಕೈಗಳು ಆಡುತ್ತಿದ್ದುದು ಕಾಣುತ್ತಿತ್ತು. ಆದರೆ ಕಂಚಿನ ಆ ಇನಿದಾದ ಝೇಂಕಾರವೇ ಇಲ್ಲ, ಒಡೆದ ಮಡಕೆಯನ್ನು ಬಡಿದಂತಿತ್ತು. ಸಂಜೆಯ ಹೊತ್ತಿಗೆ ಕಿವಿ ಸರಿಹೋಯಿತು. ಪ್ರತಿ ಸಲವೂ ಹಾಗೆ ಸರಿಹೋಗುವುದೆಂಬ ಭರವಸೆಯಿಲ್ಲ.

ಒಳಕಿವಿಯಲ್ಲಿ ಸುಮಾರು 15,000 ರೋಮಕೋಶಗಳಿವೆ. ಅತಿಯಾದ ಶಬ್ದದಿಂದ ಸತ್ತ ಕೋಶ ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಮೊದಲು ಹಾಳಾಗುವುದು ಸಾಮಾನ್ಯವಾಗಿ 4000 ಹರ್ಟ್ಸ್‌ನ ಆಸುಪಾಸಿನ ಶ್ರವಣ. ಕಂಸಾಳೆಯ ಝೇಂಕಾರವೂ ಮಾತಿನಲ್ಲಿನ ಸಕಾರದಂತಹ ವ್ಯಂಜನಗಳೂ ಇರುವುದು ಆ ಎತ್ತರದಲ್ಲಿಯೇ.

ಶಬ್ದದ ಮಟ್ಟವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಮಟ್ಟ 3 ಡೆಸಿಬೆಲ್ ಏರಿದರೆ ತೀವ್ರತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಿವಿ ತಡೆಯಬಲ್ಲ ಕಾಲ ಅರ್ಧಕ್ಕಿಳಿಯುತ್ತದೆ. ಉದ್ಯೋಗಸ್ಥಳಗಳಿಗೆ ತಜ್ಞರು ಸೂಚಿಸಿರುವ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ. ಇದೇ ಲೆಕ್ಕದಂತೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. 100 ಡೆಸಿಬೆಲ್‌ಗೆ ಬರಿಯ 15 ನಿಮಿಷ.

ಇದಕ್ಕೆ ಪರಿಹಾರವೂ ಭೌತವಿಜ್ಞಾನದ ಪಾಠದಲ್ಲಿಯೇ ಇದೆ. ಬಯಲಿನಲ್ಲಿ ಧ್ವನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಧ್ವನಿವರ್ಧಕದಿಂದ 4 ಮೀಟರ್ ದೂರದಲ್ಲಿ ನಿಂತವನು 16 ಮೀಟರಿಗೆ ಸರಿದರೆ ತೀವ್ರತೆ ಹದಿನಾರರಲ್ಲಿ ಒಂದಂಶಕ್ಕೆ, ಅಂದರೆ 12 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಆಗ 15 ನಿಮಿಷದ ಮಿತಿ 4 ಗಂಟೆಗೆ ಹಿಗ್ಗುತ್ತದೆ. ಡ್ರಾಪು ಅಲ್ಲಿಗೂ ಚೆನ್ನಾಗಿಯೇ ಕೇಳಿಸುತ್ತದೆ.

ಮುಂದಿನ ಜಾತ್ರೆಯಲ್ಲಿ ವಿದ್ಯಾರ್ಥಿಗಳು ಒಂದು ಚಿಕ್ಕ ಪ್ರಯೋಗ ಮಾಡಲಿ. ಕಂಸಾಳೆಯ ಬಡಿತಗಳನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಅದರ ಬಿ.ಪಿ.ಎಂ. ದೊರೆಯುತ್ತದೆ. ಅನಂತರ ಧ್ವನಿವರ್ಧಕದ ಹಾಡಿನದನ್ನೂ ಎಣಿಸಿ ಹೋಲಿಸಲಿ. ಎಣಿಸುವ ಮೊದಲು ಒಂದಿಪ್ಪತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಲಿ.