ಬಂಗಾರದ ಬಣ್ಣದ ಟಿಪ್ಪು

ನನ್ನ ಸೋದರಮಾವ ಹೊಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುತ್ತಾರೆ. ಬೇಸಿಗೆ ರಜೆಯಲ್ಲಿ ಒಂದು ದಿನ ಅವರಿಗೆ ಬುತ್ತಿ ಕೊಡಲು ಹೋಗಿದ್ದೆ. ಯಂತ್ರದಲ್ಲಿ ಉಕ್ಕಿನ ಸರಳು ಗರಗರನೆ ತಿರುಗುತ್ತಿತ್ತು. ಅದಕ್ಕೆ ತಾಗಿದ ಪುಟ್ಟ ಟಿಪ್ಪು ಉಕ್ಕನ್ನು ಸುರುಳಿ ಸುರುಳಿಯಾಗಿ ಹೆರೆಯುತ್ತಿತ್ತು. ನಾನು ದೂರದಲ್ಲೇ ನಿಂತು ನೋಡಿದೆ.

ಇದ್ದಕ್ಕಿದ್ದಂತೆ ಯಂತ್ರದ ಸದ್ದು ಬದಲಾಯಿತು. ಮಾಮ ಕೂಡಲೇ ಯಂತ್ರ ನಿಲ್ಲಿಸಿ ಸರಳನ್ನು ಅಳೆದರು.

“ಏನಾಯಿತು ಮಾಮ?”

“ಟಿಪ್ಪು ಸವೆದಿದೆ. ಅದಕ್ಕೇ ಸರಳು ಅಳತೆಗಿಂತ ಕೂದಲೆಳೆಯಷ್ಟು ದಪ್ಪ ಉಳಿದಿದೆ. ಹೀಗೇ ಕಳುಹಿಸಿದರೆ ಇದು ಬೇರಿಂಗಿನೊಳಗೆ ಕೂರುವುದಿಲ್ಲ. ಮಾಲು ವಾಪಸು ಬರುತ್ತದೆ. ಇಡೀ ದಿನದ ದುಡಿಮೆ ವ್ಯರ್ಥ!”

ಆರಿದ ಟಿಪ್ಪನ್ನು ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಅದಕ್ಕೆ ಮೂರು ಮೂಲೆಗಳು. ಮೈಯೆಲ್ಲ ಬಂಗಾರದ ಬಣ್ಣ. ಒಂದು ಮೂಲೆ ಮಾತ್ರ ಕಪ್ಪಾಗಿತ್ತು.

“ಇದು ಚಿನ್ನವೇ?”

ಮಾಮ ನಕ್ಕರು. “ಅಲ್ಲ ಮಗು, ಚಿನ್ನ ಮೆದು. ಅದು ಉಕ್ಕನ್ನು ಹೆರೆಯಲಾರದು. ಇದರ ಒಡಲು ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಟ್ಟಿ ವಸ್ತು. ಅದರ ಮೇಲೆ ಮೂರು ಪದರಗಳ ಹೊದಿಕೆ ಇದೆ.”

“ಒಡಲೇ ಗಟ್ಟಿಯಾಗಿರುವಾಗ ಹೊದಿಕೆ ಏಕೆ?”

“ಉಕ್ಕನ್ನು ಹೆರೆಯುವಾಗ ಅಲಗು ನೂರಾರು ಡಿಗ್ರಿ ಕಾಯುತ್ತದೆ. ಉಜ್ಜಾಟವೂ ಬಿಸಿಯೂ ಸೇರಿ ಅದನ್ನು ಸವೆಸುತ್ತವೆ. ಒಳಗಿನ ಪದರ ಟೈಟೇನಿಯಂ ಕಾರ್ಬೊನೈಟ್ರೈಡ್. ಅದು ಉಜ್ಜಾಟವನ್ನು ತಾಳುತ್ತದೆ. ನಡುವಿನದು ಅಲ್ಯೂಮಿನಿಯಂ ಆಕ್ಸೈಡ್. ಅದು ಬಿಸಿಯಿಂದ ಕಾಪಾಡುತ್ತದೆ. ಮಾಣಿಕ್ಯದ ಹರಳೂ ಇದೇ ವಸ್ತುವಿನದು. ಹೊರಗಿನದು ಟೈಟೇನಿಯಂ ನೈಟ್ರೈಡ್. ಈ ಬಂಗಾರದ ಬಣ್ಣ ಅದರದೇ. ಮೂರೂ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ನೂರನೇ ಒಂದು ಭಾಗ!”

“ಒಂದೇ ದಪ್ಪ ಪದರ ಸಾಲದೇ?”

“ಗೋಡೆಗೆ ಗಾರೆಯನ್ನು ಒಮ್ಮೆಲೇ ದಪ್ಪವಾಗಿ ಬಳಿದರೆ ಏನಾಗುತ್ತದೆ?”

“ಬಿರುಕು ಬಿಟ್ಟು ಉದುರುತ್ತದೆ.”

“ಇಲ್ಲಿಯೂ ಹಾಗೆಯೇ. ತೆಳು ಪದರಗಳಿದ್ದರೆ ಒಂದರಲ್ಲಿ ಹುಟ್ಟಿದ ಬಿರುಕು ಮುಂದಿನ ಪದರದ ಬಳಿ ನಿಲ್ಲಬಹುದು, ಇಲ್ಲವೇ ಪಕ್ಕಕ್ಕೆ ತಿರುಗಬಹುದು. 1969ರ ಸುಮಾರಿಗೆ ಯುರೋಪಿನಲ್ಲಿ ಒಂದೇ ಪದರದ ಟಿಪ್ಪುಗಳು ಮಾರಾಟಕ್ಕೆ ಬಂದವು. ಅನಂತರ ಪದರಗಳು ಹೆಚ್ಚಾದವು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಕುಲುಮೆಯಲ್ಲಿ ಅನಿಲಗಳನ್ನು ಹಾಯಿಸಿ ಇವನ್ನು ಕೂರಿಸುತ್ತಾರೆ.”

“ಸವೆದ ಟಿಪ್ಪನ್ನು ಎಸೆಯುವಿರಾ ಮಾಮ?”

“ಇನ್ನೂ ಎರಡು ಮೂಲೆಗಳಿವೆಯಲ್ಲ! ಬಂಗಾರದ ಬಣ್ಣ ಅಳಿದ ಮೂಲೆ ದುಡಿದು ಸವೆದದ್ದು. ಆ ಬಣ್ಣವೇ ನಮಗೆ ಗುರುತು.”

ಅವರು ಟಿಪ್ಪನ್ನು ತಿರುಗಿಸಿ ಬಿಗಿದರು. ಅದೇ ಸರಳನ್ನು ಮತ್ತೊಮ್ಮೆ ಹೆರೆದು ಅಳೆದರು. ಈಗ ಅಳತೆ ಸರಿಯಾಗಿತ್ತು. ಆಮೇಲೆಯೇ ಅವರು ಬುತ್ತಿ ಬಿಚ್ಚಿದರು.

ಪದಗಳ ಅರ್ಥ
ಬುತ್ತಿ – ಕಟ್ಟಿಕೊಂಡು ಹೋಗುವ ಊಟ
ಅಲಗು – ಕತ್ತರಿಸುವ ಅಂಚು
ಒಡಲು – ಮೈ, ಒಳಭಾಗ
ಕುಲುಮೆ – ಲೋಹ ಮುಂತಾದವನ್ನು ಕಾಯಿಸುವ ಒಲೆ

ಅಭ್ಯಾಸ
ಅ) ಈ ಪ್ರಶ್ನೆಗಳಿಗೆ ಉತ್ತರಿಸಿರಿ.
1. ಮಾಮ ಯಂತ್ರವನ್ನು ಏಕೆ ನಿಲ್ಲಿಸಿದರು?
2. ಟಿಪ್ಪಿನ ಮೂರು ಪದರಗಳು ಯಾವುವು?
3. ಬಂಗಾರದ ಬಣ್ಣದಿಂದ ಕೆಲಸಗಾರರಿಗೆ ಏನು ತಿಳಿಯುತ್ತದೆ?

ಆ) ಬಿಟ್ಟ ಸ್ಥಳ ತುಂಬಿರಿ.
1. ಮಾಣಿಕ್ಯದ ಹರಳು ______ ಎಂಬ ವಸ್ತುವಿನದು.
2. ಟಿಪ್ಪಿನ ಒಡಲು ______ ಎಂಬ ಗಟ್ಟಿ ವಸ್ತು.

ಇ) ನಿಮ್ಮ ಮನೆಯಲ್ಲಿ ಸವೆದಿರುವ ಮೂರು ಉಪಕರಣಗಳನ್ನು ಗುರುತಿಸಿ, ಅವು ಸವೆಯಲು ಕಾರಣವೇನೆಂದು ಹಿರಿಯರನ್ನು ಕೇಳಿ ಬರೆಯಿರಿ.